ಸ್ಟಿಯರಿಕ್ ಆಮ್ಲವೂ ಚರ್ಮದ ಕ್ಷೇಮವೂ

ಜಯನಗರ, ಬನಶಂಕರಿಗಳ ಅಂಗಡಿಗಳಲ್ಲಿ ದೊರೆಯುವ ಅನೇಕ ಮುಖಲೇಪಗಳ ಡಬ್ಬಿಯ ಮೇಲೆ ‘ಸ್ಟಿಯರಿಕ್ ಆಸಿಡ್’ ಎಂಬ ಹೆಸರು ಕಾಣುತ್ತದೆ. ಆಮ್ಲವೆಂದೊಡನೆ ಗಂಧಕಾಮ್ಲವನ್ನು ನೆನೆದು ಬೆದರುವವರುಂಟು. ಇದು ಅಂಥ ಆಮ್ಲವಲ್ಲ. 18 ಇಂಗಾಲ ಪರಮಾಣುಗಳ ಸರಪಳಿಯುಳ್ಳ ಈ ಮೇದಾಮ್ಲವು ಮೇಣದಂಥ ಬಿಳಿಯ ಘನವಸ್ತು, ಸುಮಾರು 69 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ, ನೀರಿನಲ್ಲಿ ಬೆರೆಯದು.

ಕನ್ನಡನಾಡಿಗೆ ಇದರ ಪರಿಚಯ ಹೊಸದೇನೂ ಅಲ್ಲ. ಉತ್ತರ ಕನ್ನಡದಲ್ಲಿ ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲ ತುಪ್ಪದ ಮೇದಾಮ್ಲಗಳಲ್ಲಿ ಸುಮಾರು ಅರ್ಧಪಾಲು ಇದೇ. ಅಲ್ಲಿ ಅದು ಗ್ಲಿಸರಿನ್ನಿನೊಡನೆ ಕೂಡಿಕೊಂಡಿರುತ್ತದೆ. ಹಿಂದೆ ನಮ್ಮ ಮನೆಗಳಲ್ಲಿ ‘ಸ್ನೋ’ ಎನಿಸಿಕೊಂಡಿದ್ದ ಲೇಪದ ಜೀವಾಳವೂ ಇದೇ. ಸ್ಟಿಯರಿಕ್ ಆಮ್ಲದ ಒಂದಂಶವನ್ನು ಕ್ಷಾರದೊಡನೆ ಕೂಡಿಸಿದರೆ ಸಾಬೂನು ಉಂಟಾಗುತ್ತದೆ. ಆ ಸಾಬೂನು ಉಳಿದ ಆಮ್ಲವನ್ನು ಸೂಕ್ಷ್ಮ ಕಣಗಳಾಗಿ ನೀರಿನಲ್ಲಿ ಹರಡಿ ಹಿಡಿದಿಡುತ್ತದೆ. ಹಚ್ಚಿದ ಮೇಲೆ ನೀರು ಆವಿಯಾಗಿ ತೆಳುಪೊರೆಯೊಂದು ಉಳಿಯುತ್ತದೆ. ಲೇಪವು ಮಾಯವಾದಂತೆ ತೋರುವುದು ಇದರಿಂದಲೇ. ಈ ಪೊರೆಯು ಚರ್ಮದ ತೇವ ಆರಿಹೋಗುವುದನ್ನು ಕಡಿಮೆ ಮಾಡುತ್ತದೆಯೇ ಹೊರತು ತಾನಾಗಿ ತೇವವನ್ನು ಕೊಡುವುದಿಲ್ಲ. ಆದಕಾರಣ ಬೆಂಗಳೂರಿನ ಮಾಗಿಯ ಒಣಹವೆಯಲ್ಲಿ, ಸ್ನಾನವಾದ ಮೇಲೆ ಮೈ ಪೂರ್ತಿ ಆರುವ ಮುನ್ನವೇ ಲೇಪವನ್ನು ಹಚ್ಚುವುದು ಲೇಸು.

ಇನ್ನು ಅಪಾಯದ ಮಾತು. ನಮ್ಮ ಚರ್ಮದ ಮೇದಸ್ಸಿನಲ್ಲಿಯೇ ಈ ಆಮ್ಲವು ಅಲ್ಪ ಪ್ರಮಾಣದಲ್ಲಿದೆ. 1987ರಲ್ಲಿ ಅಮೆರಿಕದ ಪ್ರಸಾಧನ ದ್ರವ್ಯಗಳ ಪರಿಶೀಲನಾ ಮಂಡಲಿಯು, ಆಗ ಬಳಕೆಯಲ್ಲಿದ್ದ ಪ್ರಮಾಣಗಳಲ್ಲಿ ಇದು ನಿರಪಾಯವೆಂದು ನಿರ್ಣಯಿಸಿತು. ಆದರೆ ಎಲ್ಲ ಮೇದಾಮ್ಲಗಳ ಗುಣವೂ ಒಂದೇ ಎಂದು ತಿಳಿಯಲಾಗದು. ಅಷ್ಟೇ ಇಂಗಾಲವುಳ್ಳ ಓಲಿಯಿಕ್ ಆಮ್ಲದ ಸರಪಳಿಯು ನಡುವೆ ಬಾಗಿರುವುದರಿಂದ, ಅದು ಚರ್ಮದ ಹೊರಪದರದ ಮೇದಸ್ಸಿನ ಬಿಗಿಯಾದ ಜೋಡಣೆಯನ್ನು ಸಡಿಲಿಸಬಲ್ಲುದು. ಮಕ್ಕಳ ಮೈಗೆ ಆಲಿವ್ ಎಣ್ಣೆಯೇ ಶ್ರೇಷ್ಠವೆಂಬ ಈಚಿನ ಮೋಹವನ್ನು ನಾವು ಒಪ್ಪದಿರುವುದು ಈ ಕಾರಣದಿಂದ. ಸ್ಟಿಯರಿಕ್ ಆಮ್ಲವುಳ್ಳ ಲೇಪದಿಂದ ಉರಿಯೋ ನವೆಯೋ ಉಂಟಾದರೆ, ಅದರಲ್ಲಿರುವ ಸುಗಂಧವನ್ನೂ ಸಂರಕ್ಷಕ ದ್ರವ್ಯವನ್ನೂ ಮೊದಲು ಸಂದೇಹಿಸಬೇಕು.

ನಿಜವಾಗಿ ಹೆದರಬೇಕಾದುದು ಬೇರೊಂದು ಇದೆ. ಮೈಬಣ್ಣವನ್ನು ಬೇಗನೆ ಬಿಳುಪಾಗಿಸುವುದಾಗಿ ಹೇಳಿಕೊಳ್ಳುವ ಕೆಲವು ಲೇಪಗಳಲ್ಲಿ ಪಾದರಸವಿರುತ್ತದೆ. ಭಾರತದ 2020ರ ಪ್ರಸಾಧನ ನಿಯಮಗಳ ಪ್ರಕಾರ, ಕಣ್ಣಿನ ಪ್ರಸಾಧನಗಳನ್ನುಳಿದು ಮಿಕ್ಕವುಗಳಲ್ಲಿ ಉದ್ದೇಶವಿಲ್ಲದೆ ಸೇರಿದ ಪಾದರಸವೂ ಹತ್ತು ಲಕ್ಷಕ್ಕೆ 1 ಭಾಗವನ್ನು ಮೀರತಕ್ಕದ್ದಲ್ಲ. ಆದರೂ 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಲೇಪಗಳನ್ನು ಬಳಸಿದವರಿಗೆ ಮೂತ್ರಪಿಂಡದ ಬೇನೆ ತಗುಲಿದುದು ಬೆಳಕಿಗೆ ಬಂದಿತು. ಆಮ್ಲದ ಹೆಸರನ್ನು ಡಬ್ಬಿಯ ಮೇಲೆ ಓದಬಹುದು. ಪಾದರಸದ ಹೆಸರನ್ನು ಅಂಥ ತಯಾರಕರು ಅಚ್ಚು ಹಾಕಿಸುವುದಿಲ್ಲ. ತಯಾರಕರ ವಿಳಾಸವೂ ಲೈಸೆನ್ಸಿನ ಸಂಖ್ಯೆಯೂ ಇಲ್ಲದ ಡಬ್ಬಿಯನ್ನು ಕೊಳ್ಳಬಾರದು. ಬಳಸಿದವರ ಪಾದಗಳಲ್ಲಿ ಬಾವು ಕಂಡರೆ ತಡಮಾಡದೆ ಮೂತ್ರಪರೀಕ್ಷೆ ಮಾಡಿಸತಕ್ಕದ್ದು.