ಲೋಧಿ ಎಸ್ಟೇಟಿನ ಕನ್ನಡ ಶಾಲೆಗೆ ಏಪ್ರಿಲ್ ಬಂತೆಂದರೆ

ದೆಹಲಿಯ ಲೋಧಿ ಕಾಲೋನಿಗೆ ಈಚಿನ ವರ್ಷಗಳಲ್ಲಿ ಜನ ಹೋಗುವುದು ಹೆಚ್ಚಾಗಿ ಗೋಡೆ ನೋಡಲು. 1940ರ ದಶಕದಲ್ಲಿ ಬ್ರಿಟಿಷ್ ಸರ್ಕಾರ ತನ್ನ ನೌಕರರಿಗಾಗಿ ಕಟ್ಟಿಸಿದ ಕ್ವಾರ್ಟರ್ಸ್ ಇದು. ಎತ್ತರದ ಕಮಾನುಗಳು, ಒಳಗೆ ಅಂಗಳ, ಹೊರಗೆ ಉದ್ದುದ್ದನೆಯ ಬೋಳು ಗೋಡೆ. ಸುಮಾರು ಹತ್ತು ವರ್ಷಗಳ ಹಿಂದೆ ಸ್ಟಾರ್ಟ್ ಇಂಡಿಯಾ ಫೌಂಡೇಶನ್ ಆ ಗೋಡೆಗಳನ್ನು ದೇಶವಿದೇಶಗಳ ಕಲಾವಿದರಿಗೆ ಬಿಟ್ಟುಕೊಟ್ಟಿತು. ಅಂದಿನಿಂದ ಅದು ಫೋಟೊ ತೆಗೆಸಿಕೊಳ್ಳುವವರ ಬೀದಿ.

ಅಲ್ಲಿಂದ ಲೋಧಿ ರಸ್ತೆ ದಾಟಿ ಉತ್ತರಕ್ಕೆ ಬಂದರೆ ಲೋಧಿ ಎಸ್ಟೇಟ್. ಪಿನ್ ಕೋಡ್ ಎರಡಕ್ಕೂ ಒಂದೇ, 110003. ಲೋಧಿ ಗಾರ್ಡನ್ನಿನ ಮಗ್ಗುಲಲ್ಲೇ ಇರುವ ಈ ಭಾಗದಲ್ಲಿ ಶಾಲೆಗಳು ಒತ್ತೊತ್ತಾಗಿವೆ. ಅವುಗಳಲ್ಲಿ ಒಂದು ದೆಹಲಿ ಕನ್ನಡ ಸೀನಿಯರ್ ಸೆಕೆಂಡರಿ ಶಾಲೆ. ನಡೆಸುವುದು ದೆಹಲಿ ಕನ್ನಡ ಎಜುಕೇಷನ್ ಸೊಸೈಟಿ, ಪರೀಕ್ಷೆ ಸಿಬಿಎಸ್‌ಇಯದು, ಅನುದಾನ ದೆಹಲಿ ಸರ್ಕಾರದ ಶಿಕ್ಷಣ ನಿರ್ದೇಶನಾಲಯದ್ದು. ಮೂವರು ಯಜಮಾನರಿರುವ ಮನೆಯಲ್ಲಿ ಹೊಸ ಶೈಕ್ಷಣಿಕ ವರ್ಷ ಏಪ್ರಿಲ್ 1ಕ್ಕೆ ಶುರುವಾಗುವಾಗ ಏನೇನು ಲೆಕ್ಕಾಚಾರ ನಡೆಯುತ್ತದೆ ಎಂಬುದು ಊರಿನ ಕನ್ನಡಿಗರಿಗಿರಲಿ, ದೆಹಲಿಯ ಕನ್ನಡಿಗರಿಗೂ ಅಷ್ಟಾಗಿ ಗೊತ್ತಿರುವುದಿಲ್ಲ.

ರಾಜಧಾನಿಯಲ್ಲಿ ಭಾಷೆಯ ಹೆಸರು ಹೊತ್ತ ಶಾಲೆಗಳಿಗೆ ಹಳೆಯ ಪರಂಪರೆ ಇದೆ. ಕೇಂದ್ರ ಸರ್ಕಾರದ ಕಚೇರಿಗಳಿಗೆ ಗುಮಾಸ್ತರು, ಅಧಿಕಾರಿಗಳು ಎಲ್ಲ ಪ್ರಾಂತ್ಯಗಳಿಂದ ಬಂದರು. ಮಕ್ಕಳ ಓದಿನ ಪ್ರಶ್ನೆಯೂ ಬೆನ್ನಿಗೇ ಬಂತು. ಇಂದು ಏಳು ಶಾಲೆಗಳನ್ನು ನಡೆಸುವ ತಮಿಳರ ಶಿಕ್ಷಣ ಸಂಸ್ಥೆ ಹುಟ್ಟಿದ್ದು 1923ರಲ್ಲಿ. ಅದರದ್ದೂ ಒಂದು ಶಾಲೆ ಲೋಧಿ ಎಸ್ಟೇಟಿನಲ್ಲಿದೆ. ಆಂಧ್ರ ಎಜುಕೇಷನ್ ಸೊಸೈಟಿಯನ್ನು 1948ರಲ್ಲಿ ಕಟ್ಟಿದವರು ಮುಂದೆ ದುರ್ಗಾಬಾಯಿ ದೇಶಮುಖ್ ಎಂದು ಹೆಸರಾದ ದುರ್ಗಾಬಾಯಿ. ಗುಜರಾತಿಗಳ ಸಂಸ್ಥೆ 1958ರಲ್ಲಿ ಸರ್ದಾರ್ ಪಟೇಲ್ ವಿದ್ಯಾಲಯ ತೆರೆಯಿತು, ಅದೂ ಇದೇ ಬಡಾವಣೆಯಲ್ಲಿ. ಆ ಶಾಲೆ ಗುಜರಾತಿಗೆ ಅಂಟಿಕೊಳ್ಳಲಿಲ್ಲ. ಕೆಳಗಿನ ತರಗತಿಗಳಲ್ಲಿ ಹಿಂದಿ ಮಾಧ್ಯಮವನ್ನು ಹಟ ಹಿಡಿದು ಉಳಿಸಿಕೊಂಡು ನಗರದ ಪ್ರತಿಷ್ಠಿತ ಖಾಸಗಿ ಶಾಲೆಯಾಯಿತು. ಅನುದಾನದ ದಾರಿ ಹಿಡಿದ ಶಾಲೆಗಳ ಕಥೆ ಬೇರೆ.

ದೆಹಲಿಯಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ಅಂಥವರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕನ್ನು ಸಂವಿಧಾನದ 30ನೇ ವಿಧಿ ಕೊಡುತ್ತದೆ. ಯಾರು ಅಲ್ಪಸಂಖ್ಯಾತರು ಎಂಬುದನ್ನು ದೇಶವನ್ನು ನೋಡಿ ಹೇಳಬೇಕೋ ರಾಜ್ಯವನ್ನು ನೋಡಿ ಹೇಳಬೇಕೋ ಎಂಬ ಜಗಳವನ್ನು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 2002ರ ಅಕ್ಟೋಬರ್ 31ರಂದು ಬಗೆಹರಿಸಿತು. ರಾಜ್ಯವೇ ಅಳತೆಗೋಲು ಎಂದಿತು. ಆ ಪ್ರಕರಣ ಹೊತ್ತಿದ್ದು ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಶನ್ನಿನ ಹೆಸರನ್ನು. ಕರ್ನಾಟಕದ ಕೊಂಕಣಿಗರು ಎತ್ತಿದ ಪ್ರಶ್ನೆಗೆ ಸಿಕ್ಕ ಉತ್ತರ ದೆಹಲಿಯ ಕನ್ನಡಿಗರಿಗೂ ಒದಗಿತು.

ದೆಹಲಿಯ ಅನುದಾನಿತ ಶಾಲೆಯ ಆಡಳಿತ ನೋಡಿಕೊಳ್ಳುವುದು ಮ್ಯಾನೇಜಿಂಗ್ ಕಮಿಟಿ. 1973ರ ದೆಹಲಿ ಶಾಲಾ ಶಿಕ್ಷಣ ಕಾಯ್ದೆ ಮತ್ತು ಅದರ ನಿಯಮಗಳ ಸಾಮಾನ್ಯ ಸೂತ್ರದಂತೆ ಅದರಲ್ಲಿ 15ಕ್ಕಿಂತ ಹೆಚ್ಚು ಜನ ಇರುವಂತಿಲ್ಲ. ಮುಖ್ಯಸ್ಥರು, ಶಿಕ್ಷಕರೇ ಆರಿಸಿದ ಇಬ್ಬರು ಶಿಕ್ಷಕರು, ಪೋಷಕರ ಪರವಾಗಿ ಒಬ್ಬರು, ಹೊರಗಿನ ಶಿಕ್ಷಣತಜ್ಞರು, ನಿರ್ದೇಶನಾಲಯ ಕಳಿಸಿದವರು. ಉಳಿದ ಕುರ್ಚಿಗಳು ಸೊಸೈಟಿಯವು. ನೂರಾರು ಪೋಷಕರಿಗೆ ಒಂದೇ ಕುರ್ಚಿ. ಶಿಕ್ಷಣ ಹಕ್ಕು ಕಾಯ್ದೆ ತಂದ ಶಾಲಾ ನಿರ್ವಹಣಾ ಸಮಿತಿಗಳಲ್ಲಿ, ಅಂದರೆ ಎಸ್‌ಎಂಸಿಗಳಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು ಎಂಬ ನಿಯಮವೇನೋ ಇದೆ. ಆದರೆ 2012ರ ತಿದ್ದುಪಡಿ ಅನುದಾನಿತ ಮತ್ತು ಅಲ್ಪಸಂಖ್ಯಾತರ ಶಾಲೆಗಳಲ್ಲಿ ಅವು ಸಲಹೆ ಕೊಟ್ಟರೆ ಸಾಕು ಎಂದಿತು. ಸುಪ್ರೀಂ ಕೋರ್ಟಿನ 2014ರ ಪ್ರಮತಿ ತೀರ್ಪು ಅಲ್ಪಸಂಖ್ಯಾತರ ಶಾಲೆಗಳನ್ನು ಆ ಕಾಯ್ದೆಯಿಂದಲೇ ಹೊರಗಿಟ್ಟಿತು. ಹಾಗಾಗಿ ಶಾಲೆಯ ಸುದ್ದಿ ಪೋಷಕರಿಗೆ ಮುಟ್ಟುವುದು ಕಮಿಟಿಯ ಸಭೆಯಿಂದಲ್ಲ, ಪೋಷಕ-ಶಿಕ್ಷಕರ ಭೇಟಿಯಿಂದ (ಪಿಟಿಎಂ), ನೋಟಿಸ್ ಬೋರ್ಡಿನಿಂದ, ವಾಟ್ಸ್ಆ್ಯಪ್‌ನಿಂದ.

ದುಡ್ಡಿನ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಅನುದಾನಿತ ಶಾಲೆಯ ಅಂಗೀಕೃತ ಖರ್ಚಿನಲ್ಲಿ ನೂರಕ್ಕೆ 95ನ್ನು ಸರ್ಕಾರ ಭರಿಸುತ್ತದೆ, 5ನ್ನು ಆಡಳಿತ ಮಂಡಳಿ ಹೊಂದಿಸಬೇಕು. ಐದು ರೂಪಾಯಿ ತಾನೇ ಎನಿಸುತ್ತದೆ. ಆದರೆ ಕಾಯ್ದೆಯ 10ನೇ ಕಲಮಿನ ಪ್ರಕಾರ ಇಲ್ಲಿಯ ಶಿಕ್ಷಕರ ಸಂಬಳ ಸರ್ಕಾರಿ ಶಾಲೆಯವರಿಗಿಂತ ಕಡಿಮೆ ಇರುವಂತಿಲ್ಲ. ವೇತನ ಆಯೋಗ ಬಂದಾಗ ಈ ಐದರ ಪಾಲೂ ಊದುತ್ತದೆ. ಜನವರಿಯಿಂದ ಲೆಕ್ಕಕ್ಕೆ ಬರುವ ತುಟ್ಟಿಭತ್ಯೆ (ಡಿಎ) ಸಾಮಾನ್ಯವಾಗಿ ಘೋಷಣೆಯಾಗುವುದು ಮಾರ್ಚಿನ ಹೊತ್ತಿಗೆ, ಅಂದರೆ ಹಿಂಬಾಕಿಯ ಮೊತ್ತವೂ ಬಜೆಟ್ ಸಭೆಯ ಹೊತ್ತಿಗೇ ಎದುರು ನಿಲ್ಲುತ್ತದೆ. ಫೀಸು ಏರಿಸಿ ಸರಿದೂಗಿಸೋಣವೆಂದರೆ 17ನೇ ಕಲಮು ಅಡ್ಡ: ನಿರ್ದೇಶಕರು ಗೊತ್ತುಮಾಡಿದ್ದನ್ನು ಬಿಟ್ಟು ಬೇರೆ ಯಾವ ಶುಲ್ಕವನ್ನೂ ಅನುದಾನಿತ ಶಾಲೆ ವಸೂಲಿ ಮಾಡುವಂತಿಲ್ಲ. ಕಟ್ಟಡದ ಸುಣ್ಣಬಣ್ಣ, ಸಭಾಂಗಣದ ಫ್ಯಾನು, ಲ್ಯಾಬಿನ ಸಾಮಾನು, ಎಲ್ಲಕ್ಕೂ ಸೊಸೈಟಿ ಬೇರೆ ಕಡೆ ಕೈಚಾಚಬೇಕು. ಇಂಥ ಸಂಸ್ಥೆಗಳಲ್ಲಿ ಗೌರವ ಕಾರ್ಯದರ್ಶಿಯಾಗುವುದು ಗೌರವಕ್ಕಿಂತ ಓಡಾಟದ ಕೆಲಸ.

ಇನ್ನು ಮಕ್ಕಳ ಸಾಧನೆ. ವಸಂತದಲ್ಲಿ ಎಲ್ಲರ ಕಣ್ಣೂ ಸಿಬಿಎಸ್‌ಇ ಮೇಲೆ. ಫೆಬ್ರುವರಿ ನಡುವಿಗೆ ಬೋರ್ಡ್ ಪರೀಕ್ಷೆ ಶುರು. 2026ರಿಂದ ಹತ್ತನೆಯ ತರಗತಿಗೆ ಎರಡು ಸುತ್ತು: ಮೊದಲನೆಯದು ಕಡ್ಡಾಯ, ಮೇ ತಿಂಗಳ ಎರಡನೆಯದು ಬೇಕೆಂದವರಿಗೆ, ಅದೂ ಮೂರು ವಿಷಯಗಳವರೆಗೆ. ಹನ್ನೊಂದನೆಯ ತರಗತಿಯಲ್ಲಿ ಸೈನ್ಸೋ ಕಾಮರ್ಸೋ ಎಂದು ತೀರ್ಮಾನಿಸುವ ಮನೆಗಳಲ್ಲಿ ಇದರಿಂದ ನಿರಾಳವೂ ಆಗಿದೆ, ಬೇಸಿಗೆ ರಜೆಗೆ ಊರಿಗೆ ಹೋಗುವ ಯೋಚನೆ ಎಡವಟ್ಟೂ ಆಗಿದೆ. ಒಟ್ಟು ತೇರ್ಗಡೆಯ ಶೇಕಡಾವಾರು, ತೊಂಬತ್ತು ದಾಟಿದವರ ಪಟ್ಟಿ ಯಾವ ಶಾಲೆಯ ಗೇಟಿನಲ್ಲೂ ಕಾಣಸಿಗುತ್ತದೆ. ಕನ್ನಡ ಶಾಲೆಯಲ್ಲಿ ಅದರ ಪಕ್ಕದಲ್ಲಿ ಇನ್ನೊಂದು ಅಂಕಣವನ್ನೂ ಹುಡುಕಬೇಕು: ವಿಷಯ ಸಂಕೇತ 015, ಹತ್ತನೆಯ ತರಗತಿಯ ಕನ್ನಡ. 80 ಅಂಕ ಬರಹಕ್ಕೆ, 20 ಶಾಲೆಯೊಳಗಿನ ಮೌಲ್ಯಮಾಪನಕ್ಕೆ.

ಈ ಅಂಕಣ ತುಂಬುವುದು ಸುಲಭವಲ್ಲ. ದೆಹಲಿಯ ಭಾಷಾ ಸಂಸ್ಥೆಗಳ ಶಾಲೆಗಳಲ್ಲಿ ಈಗ ಹೆಚ್ಚಿನ ಮಕ್ಕಳ ಮನೆಮಾತು ಹಿಂದಿ. ಅಂಥ ಮಗು ಕನ್ನಡದ ಪಾಠಕ್ಕೆ ಕೂತಾಗ ಆಗುವ ಕಸರತ್ತು ನೋಡುವಂಥದ್ದು. ದೇವನಾಗರಿಯಲ್ಲಿ ಅರ್ಧ ‘ನ’ವನ್ನು ಎಡಕ್ಕೆ ಬರೆದು ಇಡೀ ‘ನ’ವನ್ನು ಪಕ್ಕದಲ್ಲಿ ಇಡುವ ಕೈಗೆ, ಕನ್ನಡದಲ್ಲಿ ಇಡಿಯದನ್ನು ಮೊದಲು ಬರೆದು ಒತ್ತನ್ನು ಕೆಳಗೆ ಇಳಿಬಿಡು ಎಂದು ಕಲಿಸಬೇಕು. ಅಲ್ಲಿ ಅಕ್ಷರದ ತಲೆಯ ಮೇಲೆ ಕೂರುವ ರೇಫ ಇಲ್ಲಿ ಅಕ್ಷರ ದಾಟಿ ಬಲಕ್ಕೆ ಅರ್ಕಾವತ್ತಾಗಿ ಬರುತ್ತದೆ. ‘ಮರ’ ಎಂದು ಬರೆದುಕೊಟ್ಟರೆ ‘ಮರ್’ ಎಂದೇ ಓದುತ್ತದೆ, ಕೊನೆಯ ಅಕಾರವನ್ನು ನುಂಗುವುದು ಹಿಂದಿಯ ನಾಲಗೆಗೆ ಸಹಜ. ಎ ಮತ್ತು ಏ, ಒ ಮತ್ತು ಓ ಎಂಬ ಭೇದವೇ ಹೊಸದು, ಎಲೆ ಏಲೆಯಾಗುತ್ತದೆ. ‘ಳ’ ಮಾತ್ರ ಎಲ್ಲರಿಗೂ ಒಂದೇ ರೀತಿ ಕಾಡುವುದಿಲ್ಲ. ಹರಿಯಾಣ, ರಾಜಸ್ಥಾನದ ಹಳ್ಳಿಗಾಡಿನ ಮಾತು ಕೇಳಿ ಬೆಳೆದ ಹುಡುಗ ಅದನ್ನು ಬೆಂಗಳೂರಿನ ಎಷ್ಟೋ ಮಕ್ಕಳಿಗಿಂತ ಗಟ್ಟಿಯಾಗಿ ಹೇಳಬಲ್ಲ.

ಇಷ್ಟು ಕಲಿತ ಮಗುವನ್ನು ಕನ್ನಡದಲ್ಲಿ ಉಳಿಸಿಕೊಳ್ಳುವುದು ಮುಂದಿನ ಕಷ್ಟ. ಸಿಬಿಎಸ್‌ಇಯ ಇದುವರೆಗಿನ ಪದ್ಧತಿಯಲ್ಲಿ ಮೂರನೆಯ ಭಾಷೆಯನ್ನು ಎಂಟನೆಯ ತರಗತಿ ಮುಗಿಸಿ ಬಿಟ್ಟುಬಿಡುವವರೇ ಬಹಳ. ಒಂಬತ್ತು-ಹತ್ತಕ್ಕೆ ಎರಡು ಭಾಷೆ ಸಾಕು, ಅದರಲ್ಲೊಂದು ಹಿಂದಿ ಅಥವಾ ಇಂಗ್ಲಿಷ್ ಆಗಿರಬೇಕು. ಇಂಗ್ಲಿಷ್ ಜತೆಗೆ ಕನ್ನಡ ಆಯ್ದುಕೊಳ್ಳಲು ನಿಯಮದಲ್ಲಿ ಅಡ್ಡಿಯಿಲ್ಲ; ಹಿಂದಿ ಮನೆಮಾತಿನವರು ಅಂಕದ ಆಸೆಗೆ ಹಿಂದಿಯನ್ನೇ ಹಿಡಿಯುತ್ತಾರೆ. ತಪ್ಪೇನಲ್ಲ. ಮೈಸೂರಿನ ಸಿಬಿಎಸ್‌ಇ ಶಾಲೆಗಳಲ್ಲಿ ಕನ್ನಡ ಮನೆಮಾತಿನ ಮಕ್ಕಳೇ ಅಂಕಕ್ಕಾಗಿ ಸಂಸ್ಕೃತಕ್ಕೆ ಹೋಗುವಾಗ ದೆಹಲಿಯ ಹುಡುಗನನ್ನು ದೂರುವುದು ಹೇಗೆ?

ಕಲಿಸುವವರೂ ಸಿಗಬೇಕಲ್ಲ. ಕೇಂದ್ರದ ಶಿಕ್ಷಕರ ಅರ್ಹತಾ ಪರೀಕ್ಷೆ ಸಿಟಿಇಟಿಯ 20 ಭಾಷೆಗಳಲ್ಲಿ ಕನ್ನಡವೂ ಇದೆ. ಆದರೆ ಕನ್ನಡದಲ್ಲಿ ಪದವಿ, ಬಿ.ಎಡ್ ಮಾಡಿ, ತರಗತಿಯನ್ನು ಹಿಂದಿಯಲ್ಲಿ ಸಂಭಾಳಿಸಬಲ್ಲವರು ಕಲಬುರಗಿ, ಬೀದರಿನ ಕಡೆ ಸಿಕ್ಕರೂ ದೆಹಲಿಯ ಬಾಡಿಗೆ ಕೇಳಿ ಹಿಂದೆ ಸರಿಯುವುದು ಸಹಜ.

ಸುತ್ತಲ ಊರೂ ಬದಲಾಗುತ್ತಿದೆ. ಸರೋಜಿನಿ ನಗರ, ನೇತಾಜಿ ನಗರ, ಲೋಧಿ ಕಾಲೋನಿಗೆ ಹತ್ತಿರದ ಕಸ್ತೂರಬಾ ನಗರ ಸೇರಿ ಏಳು ಸರ್ಕಾರಿ ಕಾಲೋನಿಗಳನ್ನು ಹೊಸದಾಗಿ ಕಟ್ಟಲು 2016ರ ಜುಲೈಯಲ್ಲಿ ಕೇಂದ್ರ ಸಂಪುಟ ಒಪ್ಪಿತು. ಹಳೆಯ ಕ್ವಾರ್ಟರ್ಸ್ ಖಾಲಿಯಾದಾಗ ಅಲ್ಲಿಂದ ನಡೆದು ಅಥವಾ ಬಸ್ ಹತ್ತಿ ಶಾಲೆಗೆ ಬರುತ್ತಿದ್ದ ಮಕ್ಕಳೂ ದೂರವಾದರು. ಕನ್ನಡಿಗ ಕುಟುಂಬಗಳು ಗುರುಗ್ರಾಮ, ನೊಯ್ಡಾ, ದ್ವಾರಕಾಗಳಿಗೆ ಚದುರಿವೆ. ಜೋರ್ ಬಾಗ್ ಮೆಟ್ರೊ ನಿಲ್ದಾಣ ಹತ್ತಿರವಿದೆ ನಿಜ. ಒಂದನೆಯ ತರಗತಿಯ ಮಗುವನ್ನು ದಿನಾ ನೊಯ್ಡಾದಿಂದ ಮೆಟ್ರೊದಲ್ಲಿ ಕರೆತರುವವರು ಯಾರು?

ದೆಹಲಿ ಕರ್ನಾಟಕ ಸಂಘ 2023ರ ಫೆಬ್ರುವರಿಯಲ್ಲಿ ತಾಲಕಟೋರಾ ಸ್ಟೇಡಿಯಂನಲ್ಲಿ ಅಮೃತ ಮಹೋತ್ಸವ ಆಚರಿಸಿದಾಗ ಪ್ರಧಾನಿಯೇ ಬಂದರು. ರಾಜಧಾನಿಯ ಕನ್ನಡಿಗರಿಗೆ ಜನ ಸೇರಿಸುವ ಶಕ್ತಿ ಇದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ರಾಜ್ಯೋತ್ಸವದ ನವೆಂಬರಿನಲ್ಲಿ ಮೂಡುವ ಉತ್ಸಾಹ ಶಾಲೆಗೆ ಹೆಚ್ಚು ಬೇಕಾಗುವುದು ದಾಖಲಾತಿಯ, ಬಜೆಟ್ಟಿನ ಏಪ್ರಿಲ್ಲಿನಲ್ಲಿ. ಈ ವರ್ಷ ಒಂಬತ್ತನೆಯ ತರಗತಿಯಲ್ಲಿ ಕನ್ನಡವನ್ನು ಎರಡನೆಯ ಭಾಷೆಯಾಗಿ ಆರಿಸಿಕೊಂಡವರು ಎಷ್ಟು ಮಂದಿ, ಅವರಲ್ಲಿ ಮನೆಯಲ್ಲಿ ಕನ್ನಡ ಇಲ್ಲದವರು ಎಷ್ಟು ಎಂಬ ಎರಡು ಅಂಕಿಗಳನ್ನು ಕನ್ನಡ ಸಂಸ್ಥೆಗಳು ಪ್ರತಿ ವಸಂತದಲ್ಲೂ ಕೇಳಿ ಪಡೆದು ತಮ್ಮ ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಬಹುದು. ಅದಕ್ಕೆ ಖರ್ಚೂ ಇಲ್ಲ, ಯಾರ ಅನುಮತಿಗಾಗಿ ಕಾಯಬೇಕಾಗಿಯೂ ಇಲ್ಲ.