ತಾಳ ತಪ್ಪಿದ ಎದೆಗೆ ಬಾಲ್ಯದ ಗಂಟಲುನೋವಿನ ನಂಟು

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ, ಆಮೇಲೆ 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ, ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. ಹೃದಯದ ಕಾಯಿಲೆ ಎಂದರೆ ಹಾರ್ಟ್ ಅಟ್ಯಾಕ್, ಅದಕ್ಕೆ ಕಾರಣ ಕೊಬ್ಬು, ಬಿಪಿ, ಶುಗರ್ ಎಂಬ ಲೆಕ್ಕ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಎದೆಬಡಿತದ ತಾಳ ತಪ್ಪಿದರೂ ಅದೇ ಲೆಕ್ಕ. ಮಾನ್ಯತಾ ಟೆಕ್ ಪಾರ್ಕಿನ ಉದ್ಯೋಗಿಗೆ ಕೈಗೆ ಕಟ್ಟಿದ ಸ್ಮಾರ್ಟ್‌ವಾಚೇ ಎಚ್ಚರಿಕೆ ಕೊಡುತ್ತದೆ, ಆರ್.ಟಿ. ನಗರದ ನಿವೃತ್ತರಿಗೆ ‘ವಯಸ್ಸಾಯ್ತಲ್ಲ’ ಎಂಬ ಸಮಾಧಾನವಿದೆ. ಯಶವಂತಪುರದ ಯಾರ್ಡಿನಲ್ಲಿ ಈರುಳ್ಳಿ ಆರಿಸುವ ನಲವತ್ತರ ಹೆಂಗಸಿಗೆ ಎದೆ ಡವಗುಟ್ಟಿ ಏದುಸಿರು ಬಂದರೆ? ರಕ್ತ ಕಮ್ಮಿ, ಗ್ಯಾಸ್ಟ್ರಿಕ್, ಟೆನ್ಷನ್. ಚಿಕ್ಕವಳಿದ್ದಾಗ ಜ್ವರ ಬಂದು ಮಂಡಿ ಊದಿತ್ತಾ ಎಂದು ಕೇಳುವವರು ಕಡಿಮೆ. ಆಕೆಯನ್ನು ಕೇಳಬೇಕಾದ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು ಎಂಬುದು ನನ್ನ ವಾದ.

ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಗಂಟಲು ಕೆಟ್ಟ ಎರಡು–ಮೂರು ವಾರಕ್ಕೆ, ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಲ್ಲಿ, ರುಮ್ಯಾಟಿಕ್ ಜ್ವರ ಕಾಣಿಸಿಕೊಳ್ಳುತ್ತದೆ. ಇವತ್ತು ಮಂಡಿ ನೋವು, ನಾಳೆ ಮೊಣಕೈ. ಕೆಲವು ವಾರಗಳಲ್ಲಿ ಕೀಲುಗಳು ಗುರುತೂ ಉಳಿಯದಂತೆ ವಾಸಿಯಾಗುತ್ತವೆ. ವಾಸಿಯಾಗದೆ ಉಳಿಯುವುದು ಹೃದಯದ ಮೈಟ್ರಲ್ ಕವಾಟ. ಸೋಂಕಿನ ವಿರುದ್ಧ ಹೊರಟ ದೇಹದ ಸೇನೆ ಕವಾಟದ ಮೇಲೇ ತಿರುಗಿಬೀಳುತ್ತದೆ. ಜ್ವರ ಮರುಕಳಿಸಿದಷ್ಟೂ ಕವಾಟದ ಎಸಳುಗಳು ದಪ್ಪಗಾಗಿ, ಅಂಚುಗಳು ಬೆಸೆದುಕೊಳ್ಳುತ್ತವೆ. 4ರಿಂದ 6 ಚದರ ಸೆಂಟಿಮೀಟರ್ ಇರಬೇಕಾದ ದ್ವಾರ ಒಂದೂವರೆಗೂ ಇಳಿಯಬಹುದು. ಮುಂದೆ ಹೋಗಲಾರದ ರಕ್ತದ ಒತ್ತಡಕ್ಕೆ ಎಡ ಮೇಲ್ಕೋಣೆ ಹಿಗ್ಗಿ, ಅದರ ವಿದ್ಯುತ್ ಸಂಚಾರ ಅಂಕೆ ತಪ್ಪುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಎನ್ನುವುದು ಇದನ್ನೇ. ಕೋಣೆ ಸರಿಯಾಗಿ ಕುಗ್ಗದೆ ಬರೀ ಅದುರುವುದರಿಂದ ಮೂಲೆಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪು ಮಿದುಳಿಗೆ ಹಾರಿದರೆ ಲಕ್ವ.

ಇದು ಹಳೆಯ ಕಾಯಿಲೆ, ಬೆಂಗಳೂರಿನಂಥ ಊರಲ್ಲಿ ಈಗೆಲ್ಲಿದೆ ಎಂಬ ಆಕ್ಷೇಪ ಪೂರ್ತಿ ಸುಳ್ಳಲ್ಲ. ವಸತಿ, ಆಂಟಿಬಯೋಟಿಕ್ ಸುಧಾರಿಸಿದಲ್ಲೆಲ್ಲ ಅದು ಇಳಿದಿದೆ. ಆದರೆ ಜ್ವರಕ್ಕೂ ತಾಳ ತಪ್ಪುವುದಕ್ಕೂ ನಡುವೆ ಎರಡು–ಮೂರು ದಶಕಗಳ ಅಂತರ ಇರಬಹುದು. ಇಂದು ಬರುವ ರೋಗಿಯ ಎದೆಯಲ್ಲಿರುವುದು 1990ರ ದಶಕದ ಹಳ್ಳಿಯ ಜ್ವರ. ಯಲಹಂಕದ ಆಚೆ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಪಕ್ಕದ ತಗಡಿನ ಶೆಡ್ಡುಗಳನ್ನೂ ನೋಡಿ: ಒಂದೇ ಕೋಣೆಯಲ್ಲಿ ಇಡೀ ಸಂಸಾರ ಮಲಗುವಲ್ಲಿ ಗಂಟಲಿನ ಸೋಂಕು ಹರಡುವುದು ಸಲೀಸು. ಇಸಿಜಿ ಮಾಡಿದರೆ ಸಾಲದೇ ಎಂದೂ ಕೇಳಬಹುದು. ತಾಳ ತಪ್ಪಿರುವುದನ್ನು ಇಸಿಜಿ ಹೇಳುತ್ತದೆ. ಕವಾಟ ಕಿರಿದಾಗಿರುವುದನ್ನು ಕಣ್ಣಿಗೆ ತೋರಿಸುವುದು ಎಕೋ. ಬಾಲ್ಯದ ಜ್ವರ ನೆನಪೇ ಇಲ್ಲದ ರೋಗಿಗಳು ಬೇಕಾದಷ್ಟಿರುವುದರಿಂದ ‘ಇಲ್ಲ’ ಎಂಬ ಉತ್ತರ ಬಂದರೂ ಎಕೋ ಬಿಡುವಂತಿಲ್ಲ. ಗರ್ಭಿಣಿಯ ಏದುಸಿರನ್ನಂತೂ ಸಹಜ ಎಂದು ತಳ್ಳಿಹಾಕಬಾರದು. ಆಗ ದೇಹದಲ್ಲಿ ರಕ್ತ ಹೆಚ್ಚುವುದರಿಂದ ಅಲ್ಲಿವರೆಗೆ ಸುಮ್ಮನಿದ್ದ ಕವಾಟ ತಕರಾರು ತೆಗೆಯುತ್ತದೆ.

ಕಾರಣ ಯಾವುದಾದರೇನು, ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟರಾಯಿತಲ್ಲ? ಅಲ್ಲೇ ಎಡವಟ್ಟಾಗುವುದು. ಆಗ ದೆಹಲಿಯ ಏಮ್ಸ್‌ನಲ್ಲಿದ್ದ ಡಾ. ಗಣೇಶನ್ ಕಾರ್ತಿಕೇಯನ್ ಮುಂದಾಳತ್ವದ ‘ಇನ್ವಿಕ್ಟಸ್’ ಅಧ್ಯಯನ 24 ದೇಶಗಳ ನಾಲ್ಕೂವರೆ ಸಾವಿರ ರುಮ್ಯಾಟಿಕ್ ರೋಗಿಗಳನ್ನು ನೋಡಿತು. ಅವರಲ್ಲಿ ನೂರಕ್ಕೆ 72ರಷ್ಟು ಹೆಂಗಸರು. ಸರಾಸರಿ ವಯಸ್ಸು 50. ರಕ್ತಪರೀಕ್ಷೆಯ ಕಾಟವಿಲ್ಲದ ಹೊಸ ಮಾತ್ರೆ ರಿವರೊಕ್ಸಾಬಾನ್‌ಗಿಂತ ವಾರ್ಫರಿನ್ ಜಾತಿಯ ಹಳೆಯ ಮಾತ್ರೆ ಪಡೆದವರಲ್ಲೇ ಸಾವು ಕಡಿಮೆ ಎಂದು 2022ರಲ್ಲಿ ಗೊತ್ತಾಯಿತು. ಕಾರಣ ತಿಳಿಯದೆ ಹೊಸ ಮಾತ್ರೆ ಬರೆದರೆ ರೋಗಿಗೇ ನಷ್ಟ. ಹಳೆಯ ಮಾತ್ರೆಗೆ, ರಕ್ತ ಹೆಪ್ಪುಗಟ್ಟುವ ವೇಗ ಅಳೆಯುವ ಐಎನ್ಆರ್ ಪರೀಕ್ಷೆಯನ್ನು ಆಗಾಗ ಮಾಡಿಸಿ, ಸಾಮಾನ್ಯವಾಗಿ 2ರಿಂದ 3ರೊಳಗೆ ಇಟ್ಟುಕೊಳ್ಳಬೇಕು. ದಿನಗೂಲಿಯವರಿಗೆ ಯಲಹಂಕದಿಂದ ಜಯನಗರದ ಜಯದೇವಕ್ಕೆ ಹೋಗಿಬರುವುದೆಂದರೆ ಒಂದು ದಿನದ ಸಂಬಳ ಹೋದಂತೆ. ಆ ರಕ್ತಪರೀಕ್ಷೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗಬೇಕು. ಸೊಪ್ಪು ಈ ಮಾತ್ರೆಯ ಪರಿಣಾಮ ತಗ್ಗಿಸಬಹುದಾದರೂ ಊಟದ ವಿಷಯದಲ್ಲಿ ಗಾಬರಿ ಬೇಡ: ಬಸ್ಸಾರು, ಸೊಪ್ಪಿನ ಪಲ್ಯ ಬಿಡಬೇಕಿಲ್ಲ, ಒಂದು ವಾರ ಮೂರು ಹೊತ್ತೂ ಸೊಪ್ಪು, ಮುಂದಿನ ವಾರ ಒಂದೆಲೆಯೂ ಇಲ್ಲ ಎಂಬಂತೆ ಆಗಬಾರದು ಅಷ್ಟೆ.