ಅಪಘಾತದ ವಾಕ್ಯದಲ್ಲಿ ಕರ್ತೃಪದ

ಕನ್ನಡದ ‘ಜವಾಬ್ದಾರಿ’ ಹಾಗೂ ಮರಾಠಿಯ ‘ಜಬಾಬದಾರಿ’ ಒಂದೇ ಮೂಲದ ಪದಗಳು. ಅರಬ್ಬಿಯ ‘ಜವಾಬ್’ ಎಂದರೆ ಉತ್ತರ; ಅದಕ್ಕೆ ಪಾರಸಿಯ ‘ದಾರ್’ ಸೇರಿ ‘ಉತ್ತರ ಹೊತ್ತವನು’ ಎಂಬ ಅರ್ಥ ಬಂದಿದೆ. ಅಚ್ಚಗನ್ನಡದ ‘ಹೊಣೆ’ಗೆ ಜಾಮೀನು ಎಂಬ ಅರ್ಥವೂ ಉಂಟು. ಒಂದು ಪದ ಉತ್ತರ ಕೊಡುವವನನ್ನು ಹುಡುಕಿದರೆ, ಇನ್ನೊಂದು ನಷ್ಟ ತುಂಬಿಕೊಡುವವನನ್ನು ಹುಡುಕುತ್ತದೆ. ರಸ್ತೆಯ ದುರಂತದಲ್ಲಿ ಪೊಲೀಸರೇ ಭಾಗಿಗಳಾದಾಗ ಈ ಎರಡು ಹುಡುಕಾಟಗಳೂ ಕಠಿಣವಾಗುತ್ತವೆ.

2025ರ ಮೇ 26ರಂದು ಮಂಡ್ಯದಲ್ಲಿ, ನಾಯಿ ಕಚ್ಚಿದ್ದ ಮಗುವನ್ನು ತಂದೆತಾಯಿ ದ್ವಿಚಕ್ರ ವಾಹನದಲ್ಲಿ ಆಸ್ಪತ್ರೆಗೆ ಒಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆಗೆಂದು ಸಂಚಾರ ಪೊಲೀಸರು ತಡೆದ ಸಂದರ್ಭದಲ್ಲಿ ವಾಹನ ಉರುಳಿತು. ರಸ್ತೆಗೆ ಬಿದ್ದ ಮಗು ಅಸುನೀಗಿತು. ಸಾರ್ವಜನಿಕರು ಪ್ರತಿಭಟಿಸಿದರು, ಮೂವರು ಸಹಾಯಕ ಸಬ್ ಇನ್‌ಸ್ಪೆಕ್ಟರರು ಅಮಾನತುಗೊಂಡರು.

ಅಮಾನತು ತೀರ್ಪಲ್ಲ, ವಿಚಾರಣೆಯ ಅವಧಿಯಲ್ಲಿ ನೌಕರನನ್ನು ಕರ್ತವ್ಯದಿಂದ ದೂರವಿಡುವ ಕ್ರಮ. ಉತ್ತರ ಕೇಳುವ ದಾರಿಗಳು ಅದರಾಚೆಗಿವೆ. ಮೊದಲನೆಯದು ಇಲಾಖಾ ವಿಚಾರಣೆ. ಎರಡನೆಯದು ಅಪರಾಧ ಮೊಕದ್ದಮೆ: ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಐದು ವರ್ಷಗಳವರೆಗಿನ ಸೆರೆವಾಸ ವಿಧಿಸುತ್ತದೆ, ಸಮವಸ್ತ್ರಕ್ಕೆ ಅಲ್ಲಿ ವಿನಾಯಿತಿಯಿಲ್ಲ. ಆದರೆ ಈ ಎರಡರಲ್ಲೂ ಸಾಮಾನ್ಯವಾಗಿ ತನಿಖೆ ನಡೆಸುವವರು ಪೊಲೀಸರೇ. ಈ ಕೊರತೆಯನ್ನು ಮನಗಂಡೇ ಸರ್ವೋಚ್ಚ ನ್ಯಾಯಾಲಯವು 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ, ರಾಜ್ಯ ಹಾಗೂ ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರಗಳನ್ನು ಸ್ಥಾಪಿಸಬೇಕೆಂದು ಆದೇಶಿಸಿತು.

ನಷ್ಟ ತುಂಬುವ ಹೊಣೆಯ ದಾರಿ ಬೇರೆ. ಉದಯಪುರದಲ್ಲಿ ಸರ್ಕಾರಿ ಜೀಪೊಂದು ಪಾದಚಾರಿಗೆ ಬಡಿದು ಆತ ಮೃತಪಟ್ಟ ಪ್ರಕರಣದಲ್ಲಿ, ಚಾಲಕನ ನಿರ್ಲಕ್ಷ್ಯಕ್ಕೆ ರಾಜ್ಯವೂ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 1962ರಲ್ಲಿ ತೀರ್ಪಿತ್ತಿತು. ಇಂದು ಇಂಥ ಪರಿಹಾರವನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕೇಳಬಹುದು.

ಮುರಗೂಡದಿಂದ ನಿಪ್ಪಾಣಿಗೆ ಹೊರಟವನು ಒಂದೇ ಪ್ರಯಾಣದಲ್ಲಿ ಎರಡು ರಾಜ್ಯಗಳ ಪೊಲೀಸ್ ಸರಹದ್ದನ್ನು ದಾಟುತ್ತಾನೆ. ಗಡಿಯಾಚೆ ಅಪಘಾತವಾದರೂ ಪರಿಹಾರದ ಅರ್ಜಿಯನ್ನು ತಾನು ವಾಸಿಸುವ ಪ್ರದೇಶದ ನ್ಯಾಯಮಂಡಳಿಗೆ ಸಲ್ಲಿಸಲು ಮೋಟಾರು ವಾಹನ ಕಾಯಿದೆಯ 166ನೆಯ ಕಲಮಿನಲ್ಲಿ ಅವಕಾಶವಿದೆ. ಸರಹದ್ದು ತಮ್ಮದಲ್ಲವೆಂದು ಠಾಣೆಯವರು ಅಪರಾಧದ ಮಾಹಿತಿಯನ್ನು ನಿರಾಕರಿಸುವಂತಿಲ್ಲವೆಂಬುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಆಶಯ.

ಇನ್ನು ಭಾಷೆಯ ಮಾತು. ‘ಜೀಪು ಬಡಿದು ಸಾವು’ ಎಂಬ ಸುದ್ದಿಯಲ್ಲಿ ಜೀಪೇ ಕರ್ತೃ. ‘ಅಪಘಾತ ಸಂಭವಿಸಿತು’ ಎಂದಾಗ ಮನುಷ್ಯನೂ ಇಲ್ಲ, ವಾಹನವೂ ಇಲ್ಲ. ಹಾಗೆಂದು ವಿಚಾರಣೆಗೆ ಮುನ್ನ ‘ಪೊಲೀಸರು ಕೊಂದರು’ ಎಂದು ಬರೆಯುವುದೂ ನ್ಯಾಯವಲ್ಲ. ವಾಹನ ಯಾರದು, ನಡೆಸಿದವರು ಯಾರು, ತಡೆದವರು ಯಾರು, ದೂರು ಎಲ್ಲಿ ದಾಖಲಾಯಿತು, ವಿಚಾರಣೆ ಯಾರ ಕೈಯಲ್ಲಿದೆ ಎಂಬ ಸಂಗತಿಗಳನ್ನು ಕರ್ತರಿ ಪ್ರಯೋಗದಲ್ಲಿ ಸ್ಪಷ್ಟವಾಗಿ ಬರೆದರೆ ಸಾಕು. ನಾಳೆ ವರದಿಗಾರರೋ ಅನುವಾದಕರೋ ಆಗಲಿರುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ವ್ಯಾಕರಣದ ಈ ಪಾಠ ಪರೀಕ್ಷೆಯ ಆಚೆಗೂ ಬೇಕಾಗುತ್ತದೆ.